ಕೌಲ್ ಬಜಾರಿನ ಆರು ಗೋಲ್ಡ್‌ಫಿಶ್: ಒಂದು ಬಿಳಿ ಚುಕ್ಕೆ ಪ್ರಕರಣ

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ತಮಾಷೆ ಮಾಡುತ್ತಾರೆ. ಮನೆಯಲ್ಲಿ ಅಕ್ವೇರಿಯಂ ಇಟ್ಟುಕೊಂಡವರಿಗೆ ಮಾತ್ರ ಮೂರನೆಯದೊಂದು ಕಾಲ ಗೊತ್ತು. ಡಿಸೆಂಬರ್ ನಡುವಿನಿಂದ ಜನವರಿ ಮುಗಿಯುವವರೆಗೆ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ, ಬೆಳಗಿನ ಜಾವ ಕಂಬಳಿ ಬೇಕಾಗುತ್ತದೆ. ಗಾಜಿನ ತೊಟ್ಟಿಯ ನೀರೂ ಅದರೊಂದಿಗೆ ಏರಿಳಿಯುತ್ತದೆ. ವರ್ಷದ ಉಳಿದ ದಿನಗಳಲ್ಲಿ ನನ್ನನ್ನು ಯಾರೂ ಮೀನಿನ ವಿಷಯಕ್ಕೆ ಹುಡುಕಿಕೊಂಡು ಬರುವುದಿಲ್ಲ. ಆ ಆರು ವಾರ ಮಾತ್ರ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು ಇದ್ದಕ್ಕಿದ್ದಂತೆ ಮೀನಿನ ಡಾಕ್ಟರ್ ಆಗಿಬಿಡುತ್ತಾರೆ.

ಕಳೆದ ಡಿಸೆಂಬರಿನಲ್ಲಿ ನನ್ನ ತರಗತಿಯ ಹುಡುಗನೊಬ್ಬ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಬಾಗಿಲಿಗೆ ಬಂದ. ಮನೆ ಕೌಲ್ ಬಜಾರಿನಲ್ಲಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಸತ್ತ ಬ್ಲ್ಯಾಕ್ ಮೂರ್. ಉಬ್ಬುಗಣ್ಣಿನ ಕಪ್ಪು ಗೋಲ್ಡ್‌ಫಿಶ್. “ಸರ್, ಔಷಧ ಹಾಕಿದ ಮೇಲೆಯೇ ಜಾಸ್ತಿ ಆಯಿತು” ಎಂದ. ಆ ಒಂದು ವಾಕ್ಯದಲ್ಲಿ ರೋಗಪತ್ತೆಯ ಅರ್ಧ ಭಾಗ ಇತ್ತು. ನನಗೆ ಅದು ಆಗ ಪೂರ್ತಿ ಕೇಳಿಸಲಿಲ್ಲ.

ಹಿಂದಿನ ವಾರದ ಕಥೆ ಹೀಗೆ. ಏಳು ತಿಂಗಳಿಂದ ಎರಡು ಅಡಿ ಉದ್ದದ ತೊಟ್ಟಿಯಲ್ಲಿ ನಾಲ್ಕು ಬಗೆಬಗೆಯ ಗೋಲ್ಡ್‌ಫಿಶ್ ಚೆನ್ನಾಗಿಯೇ ಇದ್ದವು: ಎರಡು ಒರಾಂಡಾ, ಒಂದು ಬ್ಲ್ಯಾಕ್ ಮೂರ್, ಒಂದು ಕಾಮೆಟ್. ಅಷ್ಟು ನೀರಿಗೆ ನಾಲ್ಕೇ ಹೆಚ್ಚು, ಆದರೂ ಸಾಗಿತ್ತು. ಭಾನುವಾರ ಇನ್ನೆರಡು ಕಾಮೆಟ್ ತಂದು ನೇರವಾಗಿ ಒಳಗೆ ಬಿಟ್ಟರು. ಗುರುವಾರ ಹೊಸ ಮೀನೊಂದರ ಬಾಲದ ಮೇಲೆ ಸಕ್ಕರೆ ಹರಳಿನಂಥ ಬಿಳಿ ಚುಕ್ಕೆಗಳು ಕಾಣಿಸಿದವು. ಶುಕ್ರವಾರ ಅಂಗಡಿಯವರು ನೀಲಿ ಔಷಧದ ಬಾಟಲಿ ಕೊಟ್ಟು, “ಟ್ಯಾಂಕ್ ಪೂರ್ತಿ ತೊಳೆದು ಹಾಕಿರಿ” ಎಂದರು. ಶನಿವಾರ ಬೆಳಿಗ್ಗೆ ನಲ್ಲಿ ನೀರು ಬಂದಿತ್ತು. ಅಪ್ಪ, ಮಗ ಇಬ್ಬರೂ ಸೇರಿ ಜಲ್ಲಿಕಲ್ಲನ್ನು ಅಕ್ಕಿ ತೊಳೆದಂತೆ ತೊಳೆದರು, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬಿಳುಪು ಮಾಡಿದರು, ಅದೇ ತಾಜಾ ನೀರು ತುಂಬಿದರು. ನೀಲಿ ಔಷಧ ಹಾಕಿದ್ದಾಯಿತು. ಸಾಲದೆಂದು ಮನೆಯಲ್ಲಿ ಉಳಿದಿದ್ದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಂದನ್ನೂ ಬಿಡಿಸಿ ಉದುರಿಸಿದರು. ಭಾನುವಾರ ಸಂಜೆಯಿಂದ ಎಲ್ಲ ಮೀನುಗಳೂ ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಗಾಳಿ ನುಂಗುತ್ತಿದ್ದವು.

ನಾನು ಹೋದಾಗ ನೀರು ಕೆರೆಯ ಪಾಚಿಯೂ ಅಲ್ಲದ, ಚಹಾವೂ ಅಲ್ಲದ ಬಣ್ಣದಲ್ಲಿತ್ತು. ನೀಲಿ ಔಷಧದ ಮಿಥಿಲೀನ್ ಬ್ಲೂ ಮತ್ತು ಬೆಳಕು ಬಿದ್ದು ಕಂದಾದ ಟೆಟ್ರಾಸೈಕ್ಲಿನ್ ಬೆರೆತರೆ ಹಾಗಾಗುತ್ತದೆ. ಮೇಲೆ ತೆಳುವಾದ ನೊರೆ. ತೊಟ್ಟಿ ಪೂರ್ವದ ಕಿಟಕಿಗೆ ಅಂಟಿಕೊಂಡಿತ್ತು. ನೀರಿನ ಶಾಖ ಆಗ 21 ಡಿಗ್ರಿ, ಅದೇ ದಿನ ಮಧ್ಯಾಹ್ನ 26.

ಚುಕ್ಕೆ ಇದ್ದದ್ದೆಲ್ಲ ಬಿಳಿ ಚುಕ್ಕೆ ರೋಗ ಅಲ್ಲ. ಗಂಡು ಗೋಲ್ಡ್‌ಫಿಶ್‌ಗೆ ಹರೆಯ ಬಂದಾಗ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ರೆಕ್ಕೆಯ ಮುಂದಂಚಿನ ಮೇಲೆ ಸಾಲಾಗಿ ಬಿಳಿ ಗುಳ್ಳೆ ಮೂಡುತ್ತವೆ. ಅವು ರೋಗವಲ್ಲ, ಮದುವೆಯ ಬಾಸಿಂಗ ಎನ್ನಬಹುದು. ಒರಾಂಡಾ ಒಂದಕ್ಕೆ ಅವು ಇದ್ದವು, ಹುಡುಗನ ಅಮ್ಮ ಅದನ್ನೇ ತೋರಿಸಿ “ಇದಕ್ಕೆ ಬಹಳ ಆಗಿದೆ” ಎಂದು ಗಾಬರಿಯಾಗಿದ್ದರು. ಆದರೆ ಕಾಮೆಟ್‌ಗಳ ಬಾಲದ ಮೇಲಿನ ಚುಕ್ಕೆಗಳಿಗೆ ಸಾಲೂ ಇರಲಿಲ್ಲ, ಶಿಸ್ತೂ ಇರಲಿಲ್ಲ. ಅವು ಮೈಯನ್ನು ಜಲ್ಲಿಗೆ ಉಜ್ಜಿಕೊಳ್ಳುತ್ತಿದ್ದವು ಕೂಡ.

ಶಾಲೆಯ ಸೂಕ್ಷ್ಮದರ್ಶಕವನ್ನು ಮಧ್ಯಾಹ್ನ ತಂದೆ. ಸತ್ತ ಮೀನಿನ ಮೇಲೆ ಹುಡುಕಿ ಪ್ರಯೋಜನವಿಲ್ಲ, ಈ ಪರಾವಲಂಬಿ ಹೆಣವನ್ನು ಕೆಲವೇ ಗಂಟೆಗಳಲ್ಲಿ ಬಿಟ್ಟುಹೋಗುತ್ತದೆ. ಹೊಸ ಕಾಮೆಟ್ ಒಂದನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಗಾಜಿನ ಸ್ಲೈಡಿನ ಅಂಚನ್ನು ಮೈಮೇಲೆ ತಲೆಯಿಂದ ಬಾಲದ ಕಡೆಗೆ ಒಮ್ಮೆ ಸವರಿ, ಹತ್ತು ಸೆಕೆಂಡಿನೊಳಗೆ ನೀರಿಗೆ ಬಿಟ್ಟೆ. ಬಂದ ಲೋಳೆಗೆ ಅದೇ ತೊಟ್ಟಿಯ ಒಂದು ಹನಿ ನೀರು. ನೂರು ಪಟ್ಟಿನಲ್ಲಿ ನೋಡಿದರೆ ಬೂದು ಬಣ್ಣದ ದುಂಡನೆಯ ಜೀವಿಯೊಂದು ಸುತ್ತಲಿನ ಕೂದಲಿನಂಥ ಎಳೆಗಳನ್ನು ಬಡಿಯುತ್ತ, ಅವಸರವಿಲ್ಲದೆ ಉರುಳುತ್ತಿತ್ತು. ಉರುಳಿ ಈ ಕಡೆ ತಿರುಗಿದಾಗ ಹೊಟ್ಟೆಯೊಳಗೆ ಕುದುರೆ ಲಾಳದ ಆಕಾರ ಸ್ಪಷ್ಟವಾಗಿ ಕಂಡಿತು. ಅದೇ ಅದರ ಕೋಶಕೇಂದ್ರ, ಅದೇ ಅದರ ಗುರುತಿನ ಚೀಟಿ. ಹುಡುಗ ಕಣ್ಣಿಟ್ಟು ನೋಡಿ, ಬಹಳ ಹೊತ್ತು ಎದ್ದೇಳಲಿಲ್ಲ. “ಇದು ಚೆನ್ನಾಗಿದೆ ಸರ್” ಎಂದ. ಅಮ್ಮನಿಗೆ ಸಿಟ್ಟು ಬಂತು.

ಹೆಸರು ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಯಿಸ್. ಫ್ರಾನ್ಸಿನ ಫೂಕೆ 1876ರಲ್ಲಿ ಇಟ್ಟದ್ದು. ಬಿಡಿಸಿ ಹೇಳಿದರೆ ‘ಬಹುಸಂತಾನದ ಮೀನಿನ ಹೇನು’. ಚಿಕಿತ್ಸೆಗೆ ಬೇಕಾದ ಎಲ್ಲ ವಿಷಯವೂ ಆ ಹೆಸರಿನಲ್ಲೇ ಇದೆ. ನಮಗೆ ಕಾಣುವ ಬಿಳಿ ಚುಕ್ಕೆ ಎಂದರೆ ಚರ್ಮದ ಹೊರಪದರದ ಅಡಿಯಲ್ಲಿ ಮನೆ ಮಾಡಿಕೊಂಡು ತಿನ್ನುತ್ತಿರುವ ಒಂದು ಹೇನು. ಅಲ್ಲಿರುವಾಗ ನೀರಿಗೆ ಹಾಕಿದ ಯಾವ ಸಾಮಾನ್ಯ ಮದ್ದೂ ಅದನ್ನು ಮುಟ್ಟುವುದಿಲ್ಲ; ಹುತ್ತ ಬಡಿದರೆ ಹಾವು ಸಾಯುತ್ತದೆಯೇ? ಹೊಟ್ಟೆ ತುಂಬಿದ ಮೇಲೆ ಕಳಚಿಕೊಂಡು ತಳಕ್ಕೆ ಬೀಳುತ್ತದೆ, ಜಲ್ಲಿಗೆ ಅಂಟಿ ಕವಚ ಹೊದ್ದುಕೊಳ್ಳುತ್ತದೆ, ಒಳಗೆ ಒಡೆದೊಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳು ಹೊರಬಂದು ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಮದ್ದಿಗಾಗಲಿ, ಉಪ್ಪಿಗಾಗಲಿ ಅವು ಸಿಕ್ಕುವುದು ಆ ಈಜಾಟದ ಹೊತ್ತಿನಲ್ಲಿ ಮಾತ್ರ. ನೀರು ಬೆಚ್ಚಗಿದ್ದರೆ ಈ ಇಡೀ ಸುತ್ತು ನಾಲ್ಕಾರು ದಿನದಲ್ಲಿ ಮುಗಿಯುತ್ತದೆ, ತಣ್ಣಗಿದ್ದರೆ ವಾರಗಟ್ಟಲೆ ಎಳೆಯುತ್ತದೆ. ಆದ್ದರಿಂದ ನೀರನ್ನು ಬೆಚ್ಚಗೆ ಮಾಡುವುದು ಹೇನಿಗೆ ಅನುಕೂಲ ಮಾಡಿಕೊಟ್ಟಂತೆ ಕಂಡರೂ, ಅದನ್ನು ಬೇಗ ಬೇಗ ಬಯಲಿಗೆ ತರುವ ಉಪಾಯ.

ಇಷ್ಟು ಗೊತ್ತಾದ ಮೇಲೂ ನಾನು ಆ ದಿನ ಹೇನಿನ ಮೇಲೆ ಕೈ ಎತ್ತಲಿಲ್ಲ. ಮೀನುಗಳು ಬಾಯಿ ಬಿಡುತ್ತಿದ್ದದ್ದು ಬೇರೆ ಕಾರಣಕ್ಕೂ ಇರಬಹುದೆಂಬ ಅನುಮಾನ ಇತ್ತು. ಪರೀಕ್ಷಾ ನಳಿಕೆಯಲ್ಲಿ ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ ತೋರಿಸಿತು. ಪಿಎಚ್ 8.2. ಮನೆಯ ಸಂಪಿನಲ್ಲಿ ಕಾಲುವೆಯ ನೀರಿಗೆ ಬೋರಿನ ನೀರೂ ಸೇರುತ್ತದೆ, ಕ್ಷಾರಗುಣ ಸಹಜ. ಅದೇ 2 ಮಿಲಿಗ್ರಾಂ ಪಿಎಚ್ 7ರ ನೀರಿನಲ್ಲಿದ್ದರೆ ಅದರಲ್ಲಿ ವಿಷರೂಪದ್ದು ಶೇಕಡ ಅರ್ಧದಷ್ಟು ಮಾತ್ರ, 8.2ರಲ್ಲಿ ಶೇಕಡ ಏಳೆಂಟು. ಅಂದರೆ ಸುಮಾರು 0.15 ಮಿಲಿಗ್ರಾಂ. ಕಿವಿರು ಸುಡಲು ಅಷ್ಟು ಸಾಕು.

ಅಮೋನಿಯಾ ಎಲ್ಲಿಂದ ಬಂತು? ಮೀನಿನಿಂದಲೇ. ಅದು ಪ್ರತಿದಿನ ಬರುತ್ತಲೇ ಇರುತ್ತದೆ. ಏಳು ತಿಂಗಳಲ್ಲಿ ಸ್ಪಂಜು, ಜಲ್ಲಿಗಳಲ್ಲಿ ಬೆಳೆದಿದ್ದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಹಾನಿಯಿಲ್ಲದ ನೈಟ್ರೇಟ್ ಮಾಡುತ್ತಿದ್ದವು. ಶನಿವಾರದ ತೊಳೆತದಲ್ಲಿ ಅವು ಚರಂಡಿ ಸೇರಿದವು. ಅಳಿದುಳಿದವನ್ನು ಕ್ಲೋರಿನ್ ಇದ್ದ ತಾಜಾ ನಲ್ಲಿ ನೀರು, ಆಮೇಲೆ ಮಿಥಿಲೀನ್ ಬ್ಲೂ, ಆಮೇಲೆ ಆ್ಯಂಟಿಬಯೋಟಿಕ್ ನೋಡಿಕೊಂಡವು. ಆ ಆ್ಯಂಟಿಬಯೋಟಿಕ್ ಹೇನಿಗೆ ಏನೂ ಮಾಡುವುದಿಲ್ಲ, ಅದು ಬ್ಯಾಕ್ಟೀರಿಯಾದ ಮದ್ದು. ಗಡಸು ನೀರಿನ ಕ್ಯಾಲ್ಸಿಯಂ ಹಿಡಿದುಕೊಳ್ಳುವುದರಿಂದ ಬ್ಯಾಕ್ಟೀರಿಯಾದ ಮೇಲೂ ಅದು ಪೂರ್ತಿ ಕೆಲಸ ಮಾಡದು. ಬ್ಲ್ಯಾಕ್ ಮೂರ್‌ನ ಮೈಮೇಲೆ ನನಗೆ ಸಿಕ್ಕಿದ್ದು ಎರಡೇ ಚುಕ್ಕೆಯ ಗುರುತು, ಕಿವಿರು ಮಾತ್ರ ಕಡುಕೆಂಪಾಗಿ ಉರಿದುಹೋಗಿತ್ತು. ಅದನ್ನು ಕೊಂದದ್ದು ಹೇನಲ್ಲ, ಶನಿವಾರದ ತೊಳೆತ. ಅಪ್ಪನ ಮುಂದೆ ನಾನು ಇದನ್ನು ಇಷ್ಟು ಬಿಚ್ಚಿ ಹೇಳಲಿಲ್ಲ. ಪಾಪ, ಮನುಷ್ಯ ರಜೆ ಹಾಕಿ ತೊಳೆದಿದ್ದರು.

ಆ ಮನೆಯಲ್ಲೇ ಒಳ್ಳೆಯ ನೀರೂ ಇತ್ತು. ಬಳ್ಳಾರಿಯಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲವಾದ್ದರಿಂದ ಎಲ್ಲರ ಮನೆಯಲ್ಲೂ ಡ್ರಮ್ಮು. ಎರಡು ದಿನ ಬಾಯಿ ತೆರೆದಿಟ್ಟ ಡ್ರಮ್ಮಿನ ನೀರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ನೀರಿನ ಬವಣೆಯಿಂದ ಮೀನಿಗೆ ಆಗುವ ಒಂದೇ ಉಪಕಾರ ಇದು. ಅರ್ಧ ನೀರು ತೆಗೆದು, ಡ್ರಮ್ಮಿನ ನೀರಿಗೆ ಒಲೆಯ ಮೇಲಿನ ಒಂದೆರಡು ಚೊಂಬು ಬಿಸಿನೀರು ಬೆರೆಸಿ ಶಾಖ ಸರಿಹೊಂದಿಸಿ ತುಂಬಿದೆವು. ಸಕ್ರಿಯ ಇದ್ದಿಲನ್ನು ಬಟ್ಟೆಯಲ್ಲಿ ಕಟ್ಟಿ ಹಾಕಿದ್ದರಿಂದ ಮರುದಿನದ ಹೊತ್ತಿಗೆ ನೀಲಿ ಇಳಿಯಿತು. ನನ್ನ ತೊಟ್ಟಿಯಲ್ಲಿ ಎರಡು ವರ್ಷದಿಂದ ಓಡುತ್ತಿದ್ದ ಕೊಳಕು ಸ್ಪಂಜ್ ಫಿಲ್ಟರ್ ಒಂದನ್ನು ಬಿಚ್ಚಿ ತಂದು ಇಲ್ಲಿ ಹಾಕಿದೆ. ಆ ಕೊಳಕೇ ಅಲ್ಲಿ ಬೇಕಾಗಿದ್ದ ಬ್ಯಾಕ್ಟೀರಿಯಾ. ಅಮ್ಮ ಮೂಗು ಮುರಿದರು. ಆ ಫಿಲ್ಟರ್ ಹೋದ ದಾರಿಯಲ್ಲಿ ವಾಪಸ್ ಬರುವಂತಿಲ್ಲ, ಬಂದರೆ ಹೇನೂ ಜೊತೆಗೆ ನನ್ನ ಮನೆಗೆ ಬರುತ್ತದೆ. ಮೀನಿಗೆ ಮೂರು ದಿನ ಉಪವಾಸ. ತಿನ್ನದಿದ್ದರೆ ಅಮೋನಿಯಾ ಕಡಿಮೆ, ಗೋಲ್ಡ್‌ಫಿಶ್ ಮೂರು ದಿನದ ಹಸಿವಿಗೆ ಸಾಯುವ ಜಾತಿಯಲ್ಲ.

ಹೀಟರ್ ಹುಡುಕಿದ್ದು ಒಂದು ಪ್ರಹಸನ. ಕೇಳಿದ ಮೂರು ಅಂಗಡಿಗಳಲ್ಲೂ ಇರಲಿಲ್ಲ. “ಬಳ್ಳಾರಿಯಲ್ಲಿ ಹೀಟರ್ ಯಾರು ಕೇಳುತ್ತಾರೆ ಸರ್?” ಎಂದು ಒಬ್ಬರು ನಕ್ಕರು. ಕೊನೆಗೆ ನನ್ನ ಹಳೆಯ 50 ವಾಟಿನದೇ ಬಂತು. ದಿನಕ್ಕೆ ಎರಡು ಡಿಗ್ರಿಯಂತೆ 28ಕ್ಕೆ ಏರಿಸುವುದೆಂದು ತೀರ್ಮಾನ. 30ಕ್ಕೆ ಒಯ್ದರೆ ಹೇನಿಗೆ ಇನ್ನೂ ಕಷ್ಟ, ಆದರೆ ಸುಟ್ಟ ಕಿವಿರಿನ ಮೀನಿಗೂ ಕಷ್ಟ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 28ರಲ್ಲಿ 8ಕ್ಕಿಂತ ಕಡಿಮೆ. ಏರ್ ಪಂಪನ್ನು ಜೋರಾಗಿ ಬಿಟ್ಟೆವು.

ಇನ್ನು ಉಪ್ಪು. ಮ್ಯಾಲಕೈಟ್ ಗ್ರೀನ್ ಈ ಹೇನಿಗೆ ಹೆಸರಾದ ಮದ್ದು, ಆದರೆ ತಿನ್ನುವ ಮೀನಿನ ಸಾಕಣೆಯಲ್ಲಿ ಹಲವು ದೇಶಗಳು ನಿಷೇಧಿಸಿದ ಬಣ್ಣ ಅದು. ಹದಿನಾಲ್ಕು ವರ್ಷದ ಹುಡುಗನ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಗೋಲ್ಡ್‌ಫಿಶ್ ಉಪ್ಪನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಲೀಟರಿಗೆ 3 ಗ್ರಾಂ ಹರಳುಪ್ಪು ಸಾಕು. ಎಷ್ಟು ಲೀಟರ್ ಎಂದರೆ ಹುಡುಗ 80 ಎಂದ, ಅಂಗಡಿಯವರು ಹಾಗೆ ಹೇಳಿದ್ದರಂತೆ, ನೀಲಿ ಔಷಧವನ್ನೂ ಅದೇ ಲೆಕ್ಕದಲ್ಲಿ ಹಾಕಿದ್ದರು. ಅಳತೆಪಟ್ಟಿ ತರಿಸಿದೆ. ಉದ್ದ 60, ಅಗಲ 30, ನೀರಿನ ಎತ್ತರ 26 ಸೆಂಟಿಮೀಟರ್. ಗುಣಿಸಿ ಸಾವಿರದಿಂದ ಭಾಗಿಸಿದರೆ 46.8 ಲೀಟರ್. ಜಲ್ಲಿ ನುಂಗಿದ ಜಾಗ ಕಳೆದು 42 ಎಂದಿಟ್ಟುಕೊಂಡೆವು. ಅಂದರೆ ಮೀನುಗಳು ಸುಮಾರು ಎರಡು ಪಟ್ಟು ಔಷಧದಲ್ಲಿ ಈಜಿದ್ದವು. ಉಪ್ಪು 126 ಗ್ರಾಂ. ಕಿರಾಣಿ ಅಂಗಡಿಯಲ್ಲಿ 42 ಗ್ರಾಮಿನ ಮೂರು ಪೊಟ್ಟಣ ಕಟ್ಟಿಸಿ, ಸೋಮವಾರ ರಾತ್ರಿ ಒಂದು, ಮಂಗಳವಾರ ಬೆಳಿಗ್ಗೆ ಒಂದು, ಸಂಜೆ ಒಂದು ಕರಗಿಸಿ ಹಾಕಿದೆವು.

ತಪ್ಪು ಮಾಡಿದ್ದು ಇಲ್ಲಿಂದ ಮುಂದೆ. ಮಾಡಿದವನು ನಾನು.

ಬುಧವಾರ ಅಮೋನಿಯಾ ಇನ್ನೂ 1 ಇತ್ತು. ಶೇಕಡ 40ರಷ್ಟು ನೀರು ಬದಲಿಸಲು ಹೇಳಿದೆ. ಗುರುವಾರ ಮತ್ತೆ ಶೇಕಡ 40. ಅಮೋನಿಯಾ 0.25ಕ್ಕೆ ಬಂತು, ನಾನು ಖುಷಿಯಾದೆ. ಗುರುವಾರವೇ ಹೊಸ ಕಾಮೆಟ್‌ಗಳಲ್ಲಿ ಒಂದು ಸತ್ತಿತು. ಅದರ ಕಿವಿರಿನ ತುಣುಕನ್ನು ಸ್ಲೈಡಿನ ಮೇಲಿಟ್ಟು ನೋಡಿದಾಗ ಹೇನುಗಳು ಒತ್ತಾಗಿ ಕೂತಿದ್ದವು, ಈ ಸಾವು ನಿಜಕ್ಕೂ ರೋಗದ್ದೇ. ಶುಕ್ರವಾರ ರಾತ್ರಿ ಎರಡು ಗಂಟೆ ಕರೆಂಟ್ ಹೋಯಿತು. ಕುಡತಿನಿಯ ಉಷ್ಣ ಸ್ಥಾವರದ ಚಿಮಣಿಗಳು ಇಷ್ಟು ಹತ್ತಿರವಿದ್ದೂ ದೀಪದ ಕೆಳಗೆ ಕತ್ತಲೆ. ಮೊದಲ ದಿನ ಮೂಗು ಮುರಿದಿದ್ದ ಅಮ್ಮ ಆ ಎರಡು ಗಂಟೆಯೂ ಕೂತು, ಮಗ್ಗಿನಲ್ಲಿ ನೀರು ಎತ್ತಿ ಒಂದಡಿ ಮೇಲಿನಿಂದ ಸುರಿಯುತ್ತಲೇ ಇದ್ದರಂತೆ. ನೀರಿಗೆ ಗಾಳಿ ಸೇರಿಸಲು ಅದಕ್ಕಿಂತ ಸರಳ ಉಪಾಯ ಇಲ್ಲ. ಶನಿವಾರ ಒಂದು ಮೀನಿನ ಮೇಲೂ ಚುಕ್ಕೆ ಇರಲಿಲ್ಲ. ಹುಡುಗ ಹೀಟರ್ ವಾಪಸ್ ಕೊಡಲು ಬಂದಿದ್ದ. ಚುಕ್ಕೆ ಹೋಯಿತೆಂದರೆ ಹೇನು ತಳಕ್ಕಿಳಿಯಿತು ಎಂದಷ್ಟೇ ಅರ್ಥ, ಇನ್ನೂ ಎರಡು ವಾರ ಅಲ್ಲಿಯೇ ಇರಲಿ ಎಂದು ಕಳಿಸಿದೆ. ಗುರುವಿನ ಗತ್ತಿನಲ್ಲೇ ಹೇಳಿದೆ.

ಮರುವಾರದ ಸೋಮವಾರ ಫೋನ್. “ಸರ್, ಮತ್ತೆ ಬಂದಿದೆ.” ಹಳೆಯ ಕಾಮೆಟ್‌ನ ಬಾಲದ ಮೇಲೆ ಏಳೆಂಟು, ಒರಾಂಡಾದ ನೆತ್ತಿಯ ಮೇಲೆ ಮೂರು.

28 ಡಿಗ್ರಿಯಲ್ಲಿ, ಲೀಟರಿಗೆ 3 ಗ್ರಾಂ ಉಪ್ಪಿನಲ್ಲಿ ಇಷ್ಟು ಮರಿಗಳು ಬದುಕಿ ಮೀನಿನ ಮೈ ಹಿಡಿದದ್ದು ಹೇಗೆಂದು ತಲೆ ಕೆಡಿಸಿಕೊಂಡು ಅವರ ಮನೆಗೆ ಹೋದೆ. ಅಡುಗೆಮನೆಯಲ್ಲಿ ಆರ್‌ಓ ರಿಪೇರಿಯವನು ಕೆಲಸ ಮಾಡುತ್ತಿದ್ದ. ಅವನ ಜೇಬಿನಲ್ಲಿ ಪೆನ್ನಿನಂಥ ಟಿಡಿಎಸ್ ಮೀಟರ್, ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂದು ತೋರಿಸುವುದು. ಸುಮ್ಮನೆ ಕುತೂಹಲಕ್ಕೆ ಡ್ರಮ್ಮಿನ ನೀರಿಗೆ ಅದ್ದಿಸಿದೆ: 410. ತೊಟ್ಟಿಗೆ ಅದ್ದಿಸಿದೆ: 1,500. ಲೀಟರಿಗೆ 3 ಗ್ರಾಂ ಉಪ್ಪಿದ್ದರೆ ಮೂರು ಸಾವಿರ ಹೆಚ್ಚಿಗೆ ತೋರಿಸಬೇಕಿತ್ತು, ತೋರಿಸಿದ್ದು ಬರೀ ಸಾವಿರದ ಚಿಲ್ಲರೆ. ಆಗ ಹೊಳೆಯಿತು. ಬುಧವಾರ ಶೇಕಡ 40 ನೀರು ತೆಗೆದಾಗ ಶೇಕಡ 40 ಉಪ್ಪೂ ಹೋಗಿತ್ತು: 3 ಇದ್ದದ್ದು 1.8. ಗುರುವಾರ ಮತ್ತೆ ಹಾಗೇ: 1.1. ಹೊಸ ನೀರಿಗೆ ಉಪ್ಪು ಸೇರಿಸಿ ಎಂದು ನಾನು ಹೇಳಿಯೇ ಇರಲಿಲ್ಲ. ಅಮೋನಿಯಾ ಇಳಿಸುವ ಭರದಲ್ಲಿ ಇನ್ನೊಂದು ಚಿಕಿತ್ಸೆಯನ್ನು ಬಕೆಟ್ಟಿನಲ್ಲಿ ಹೊರಗೆ ಚೆಲ್ಲಿಸಿದ್ದೆ. ಏಳನೆಯ ತರಗತಿಯ ಶೇಕಡಾವಾರು ಲೆಕ್ಕ. ಹುಡುಗ ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ಅಷ್ಟು ಮರ್ಯಾದೆ ಉಳಿಸಿದ.

ಕೊರತೆ ಬಿದ್ದ 80 ಗ್ರಾಂ ಉಪ್ಪನ್ನು ಎರಡು ಕಂತಿನಲ್ಲಿ ಹಾಕಿದೆವು. ಆವಿಯಾಗುವ ನೀರಿನೊಂದಿಗೆ ಉಪ್ಪು ಹೋಗುವುದಿಲ್ಲ, ನಾವು ಎತ್ತಿ ಚೆಲ್ಲುವ ನೀರಿನೊಂದಿಗೆ ಹೋಗುತ್ತದೆ. ಅದಕ್ಕಾಗಿ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಬಣ್ಣದ ಟೇಪ್ ಅಂಟಿಸಿದೆವು: ತಾನಾಗಿ ಇಳಿದದ್ದಕ್ಕೆ ಸಪ್ಪೆ ನೀರು, ತೆಗೆದದ್ದಕ್ಕೆ ಹತ್ತು ಲೀಟರಿನ ಬಕೆಟ್ಟಿಗೆ 30 ಗ್ರಾಂ ಉಪ್ಪು ಹಾಕಿದ ನೀರು. ಮೊದಲ ವಾರ ಬಿಟ್ಟಿದ್ದ ಇನ್ನೊಂದು ಕೆಲಸವೂ ಶುರುವಾಯಿತು. ದಿನಾ ಸಂಜೆ ಪಾರದರ್ಶಕ ಪೈಪಿನಿಂದ ಜಲ್ಲಿಯ ಸಂದುಗಳನ್ನು ಹೀರಿ ನಾಲ್ಕು ಲೀಟರ್ ತೆಗೆಯುವುದು. ಮರಿ ಹಾಕಲು ಇಳಿದ ಹೇನು ಕೂರುವ ಜಾಗವೇ ಅದು. ಬಾಯಿಂದ ಹೀರಿ ಪೈಪ್ ಶುರು ಮಾಡಬೇಡ ಎಂದಿದ್ದೆ. ಒಂದು ದಿನ ಮಾಡಿದ, ಉಪ್ಪು ನೀರು ಕುಡಿದ, ಆಮೇಲೆ ಮಾಡಲಿಲ್ಲ.

ಎರಡನೆಯ ವಾರದ ನಡುವೆ ನೈಟ್ರೈಟ್ 1ಕ್ಕೆ ಏರಿತು. ಹೊಸದಾಗಿ ಕುದುರುತ್ತಿರುವ ಫಿಲ್ಟರಿನಲ್ಲಿ ಹಾಗೆ ಆಗುತ್ತದೆ. ಸಾಮಾನ್ಯವಾಗಿ ಅದು ಮೀನಿನ ರಕ್ತವನ್ನು ಕಂದು ಮಾಡಿ ಉಸಿರು ಕಟ್ಟಿಸುತ್ತದೆ. ಆದರೆ ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ. ನಾವು ಹೇನಿಗೆಂದು ಹಾಕಿದ ಉಪ್ಪು ಕೇಳದೆಯೇ ಈ ಕೆಲಸವನ್ನೂ ಮಾಡಿತು. ಒಂದು ವಾರದಲ್ಲಿ ಸೊನ್ನೆಗೆ ಬಂತು.

ಕೊನೆಯ ಚುಕ್ಕೆ ಕಂಡದ್ದು ನನ್ನ ಮೊದಲ ಭೇಟಿಯಿಂದ ಹನ್ನೊಂದನೆಯ ದಿನ. ಅಲ್ಲಿಂದ ಇನ್ನೂ ಹತ್ತು ದಿನ ಉಪ್ಪು, ಶಾಖ ಎರಡನ್ನೂ ಬಿಡಲಿಲ್ಲ. ಆಮೇಲೆ ಸಪ್ಪೆ ನೀರು ಬದಲಿಸುತ್ತ ಒಂದು ವಾರದಲ್ಲಿ ಉಪ್ಪು ಇಳಿಸಿದೆವು. ತೊಟ್ಟಿಯನ್ನು ಕಿಟಕಿಯಿಂದ ಒಳಗೋಡೆಗೆ ಸರಿಸಿದ್ದರಿಂದ ಹಗಲು ರಾತ್ರಿಯ ಅಂತರ ಎರಡು ಡಿಗ್ರಿಗೆ ಬಂತು. ಆರರಲ್ಲಿ ನಾಲ್ಕು ಉಳಿದವು: ಎರಡು ಒರಾಂಡಾ, ಹಳೆಯ ಕಾಮೆಟ್, ಮತ್ತು ರೋಗ ಹೊತ್ತು ಬಂದಿದ್ದ ಹೊಸ ಕಾಮೆಟ್‌ಗಳಲ್ಲಿ ಒಂದು. ಸ್ಲೈಡಿನ ಅಂಚಿಗೆ ಮೈ ಕೊಟ್ಟದ್ದು ಅದೇ. ಬಾಲದ ತುದಿ ಸ್ವಲ್ಪ ಹರಿದಿದೆ, ಉಳಿದಂತೆ ಎಲ್ಲರಿಗಿಂತ ಮೊದಲು ತಿನ್ನಲು ಬರುತ್ತದೆ.

ಜನವರಿಯ ಕೊನೆಯಲ್ಲಿ ಹುಡುಗ ಇನ್ನೊಂದು ಬ್ಲ್ಯಾಕ್ ಮೂರ್ ತಂದ. ಈ ಸಲ ಅದು ಮೂರು ವಾರ ಮನೆಯ ಹಳೆಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂಟಿಯಾಗಿ ಇತ್ತು. ಟಬ್ಬು ಬಟ್ಟೆ ನೆನೆಸುವುದಾಗಿತ್ತು, ಅದರ ಬಗ್ಗೆ ಅಮ್ಮನ ತಕರಾರು ಇನ್ನೂ ಮುಗಿದಿಲ್ಲ. ನಕ್ಕಿದ್ದ ಅಂಗಡಿಯವರು ಎರಡು ಹೀಟರ್ ತರಿಸಿ ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾರೆ, ಒಂದೂ ಮಾರಿಲ್ಲ. ಅಷ್ಟರಲ್ಲಿ ಮಾರ್ಚ್ ಬಂತು. ನಿನ್ನೆ ಮಧ್ಯಾಹ್ನ ತೊಟ್ಟಿಯ ನೀರು 31 ತೋರಿಸಿತಂತೆ, ಹುಡುಗ ನನ್ನ ಮೇಜಿನ ಫ್ಯಾನ್ ಕೇಳಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ.